ಚಿನ್ನದ ಮೂರ್ತಿ ಮತ್ತು ನನ್ನ ಡೈರಿ


*ದಿನಕ್ಕೊಂದು ಧಮ್ಮ ಚಿಂತನೆ, ಹಾನಗಲ್*



ಇಂದಿನ ಸರದಿ ನನ್ನದು. ವಿಷಯ ಒಂಟಿತನ ಮತ್ತು ತೃಷ್ಣೆ. ಈ ವಿಷಯದಲ್ಲಿ ಬೇರೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಅದಕ್ಕೆ ನನ್ನದೇ ಕಥೆ ಹೇಳುತ್ತೇನೆ.

ನನಗೀಗ 37 ವರ್ಷ. ಲಗ್ನವಾಗಿಲ್ಲ. ಹಾನಗಲ್ ಪೇಟೆಯ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ರಾತ್ರಿ ಖಾನಾವಳಿಯಲ್ಲಿ ಎರಡು ರೊಟ್ಟಿ ತಿಂದು ಬಂದು ಬಾಗಿಲು ಹಾಕಿಕೊಂಡರೆ ಮುಂಜಾನೆವರೆಗೂ ಮಾತಿಲ್ಲ. ಆಗ ಕೈಗೆ ಬರುವುದು ಮೊಬೈಲ್. ಮೂರು ವಧು-ವರ ಗುಂಪು, ಎರಡು ಆ್ಯಪ್. ಒಂದು ಫೋಟೋ ನೋಡುವುದು, ದೊಡ್ಡದು ಮಾಡಿ ನೋಡುವುದು, ಮುಂದಿನದಕ್ಕೆ ಹೋಗುವುದು. ನೋಡುನೋಡುತ್ತ ಹನ್ನೆರಡು ಗಂಟೆ. ಮೊಬೈಲ್ ಕೆಳಗಿಟ್ಟಾಗ ಮೊದಲಿಗಿಂತ ಹೆಚ್ಚು ಒಂಟಿ ಅನಿಸುತ್ತಿತ್ತು. ಮರುದಿನ ಮತ್ತೆ ಅದೇ.

ಆರು ವರ್ಷ ಕನ್ಯಾ ನೋಡಲು ತಿರುಗಿದೆ. ಶಿಗ್ಗಾವಿ, ಸವಣೂರು, ಹಿರೇಕೆರೂರು, ನಮ್ಮ ಹಾನಗಲ್ ಹಳ್ಳಿಗಳು ಎಲ್ಲ ಆದವು. ಲೆಕ್ಕ ಬರೆಯುವವನಲ್ಲವೇ, ಇದಕ್ಕೂ ಒಂದು ಡೈರಿ ಇಟ್ಟಿದ್ದೆ. ಒಟ್ಟು 23 ಹೆಸರು. ಒಂದೊಂದು ಹೆಸರಿನ ಮುಂದೆ ಒಂದೊಂದು ಕೊರತೆ. ಎತ್ತರ ಕಡಿಮೆ. ಡಿಗ್ರಿ ಇಲ್ಲ. ಬಣ್ಣ ಕಡಿಮೆ. ಮಾತು ಜಾಸ್ತಿ. ಮಾತೇ ಇಲ್ಲ.

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಯುವಕರು ವಧು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ ಸುದ್ದಿ ನೆನಪಿರಬಹುದು. ಬಹಳ ಜನ ನಕ್ಕರು. ನಗುವ ಮಾತಲ್ಲ ಅದು. ಒಕ್ಕಲುತನ ಮಾಡುವವನಿಗೆ ಹೆಣ್ಣು ಕೊಡುವವರಿಲ್ಲ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಆರು ವರ್ಷದೊಳಗಿನ ಮಕ್ಕಳಲ್ಲಿ 1000 ಗಂಡಿಗೆ 948 ಹೆಣ್ಣು. ಹೆಣ್ಣು ಬೇಡವೆಂದ ಸಮಾಜ ಆಮೇಲೆ ಹೆಣ್ಣಿಗಾಗಿ ಹುಡುಕಾಡುತ್ತದೆ. ಆದರೆ ನನ್ನ ಕಥೆ ಆ ಯುವಕರದಲ್ಲ. ಅವರಿಗೆ ಸಿಗಲಿಲ್ಲ. ನಾನು ಸಿಕ್ಕವರನ್ನು ಬೇಡವೆಂದೆ.

ಅದರಲ್ಲಿ ಒಬ್ಬರ ವಿಷಯ ಹೇಳಲೇಬೇಕು. ಹಿರೇಕೆರೂರು ಕಡೆಯ ಒಂದು ಹಳ್ಳಿ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ. ಚಹಾ ಕೊಟ್ಟು ಆಕೆ ನೇರವಾಗಿ ಕೇಳಿದರು: "ಸಿದ್ಧಾರ್ಥ ಮನಿ ಯಾಕ ಬಿಟ್ಟ ಅಂತ ನೀವು ಹೇಳ್ತೀರಿ?" ಮುದುಕ, ರೋಗಿ, ಹೆಣ ನೋಡಿ ಎಂದೆ. "ಅಲ್ರೀ, ಬಾಬಾಸಾಹೇಬ್ರು ಅದನ್ನ ಒಪ್ಪಂಗಿಲ್ಲ" ಎಂದು, ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ಹೊಳೆಯ ನೀರಿಗಾಗಿ ನಡೆದ ಜಗಳ, ಯುದ್ಧ ಬೇಡವೆಂದ ಸಿದ್ಧಾರ್ಥ ಊರು ಬಿಟ್ಟದ್ದು, ಎಲ್ಲ ವಿವರಿಸಿದರು. 'ಬುದ್ಧ ಮತ್ತು ಆತನ ಧಮ್ಮ' ಪುಸ್ತಕದ ಮೊದಲ ಭಾಗದಲ್ಲೇ ಇರುವ ಮಾತು. ನಾನು ಓದಿ ಮರೆತಿದ್ದೆ. ಬರುವಾಗ ಬಸ್ಸಿನಲ್ಲಿ, ಬಹಳ ದಿನಗಳ ನಂತರ, ಮೊಬೈಲ್ ತೆಗೆಯದೆ ಸುಮ್ಮನೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದೆ.

ಆದರೂ ಮರುದಿನ ಬೇಡವೆಂದೆ. ಡೈರಿಯಲ್ಲಿ ಬರೆದದ್ದು: "ಬಣ್ಣ ಕಡಿಮೆ. ನಮ್ಮವರಲ್ಲ."

ನಮ್ಮವರಲ್ಲ ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎಡ, ಬಲ. ನನ್ನ ಬಯೋಡಾಟಾದಲ್ಲಿ ಧರ್ಮ ಬೌದ್ಧ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಉಪಜಾತಿಯೂ ಇತ್ತು.

ಹೋದ ವರ್ಷ ಅಕ್ಕ ಸವಣೂರಿನಿಂದ ಬಂದವಳು ಮನೆ ಹಸನು ಮಾಡುವಾಗ ಆ ಡೈರಿ ನೋಡಿದಳು. ಕುಳಿತು ಪೂರ್ತಿ ಓದಿದಳು. ಆಮೇಲೆ ಎರಡೇ ಮಾತು ಕೇಳಿದಳು.

"ತಮ್ಮಾ, ಎಲ್ಲಾರದೂ ಬರದೀ. ನಿಂದು ಪುಟ ಎಲ್ಲಿ ಐತಿ?"

"ಈ 'ನಮ್ಮವರಲ್ಲ' ಅನ್ನೋ ಮಾತು ನಮ್ಮ ಅಜ್ಜಗ ಚಾದಂಗಡಿಯಾಗ ಅಂದಿದ್ದರಲ್ಲೋ? ಹೊರಗ ಕುಂದ್ರಿಸಿ ಬ್ಯಾರೆ ಕಪ್ಪಿನಾಗ ಚಾ ಕೊಡತಿದ್ರು. ಅದನ್ನ ನೀ ಯಾವಾಗ ಕಲತಿ?"

ನನ್ನಲ್ಲಿ ಉತ್ತರವಿರಲಿಲ್ಲ.

*ಅನಿತ್ಥಿಗಂಧ ಕುಮಾರನ ಕಥೆ*

ಧಮ್ಮಪದದ ಅಟ್ಠಕಥೆಯಲ್ಲಿ ಸಾವತ್ಥಿಯ ಈ ಯುವಕನ ಕಥೆ ಬರುತ್ತದೆ. ಲಗ್ನವಾಗು ಎಂದು ತಂದೆ-ತಾಯಿ ಪೀಡಿಸಿದಾಗ ಅವನು ಅಕ್ಕಸಾಲಿಗರಿಂದ ಚಿನ್ನದ ಒಂದು ಹೆಣ್ಣುಮೂರ್ತಿ ಮಾಡಿಸಿದ. ಇಂಥವಳು ಸಿಕ್ಕರೆ ಮಾತ್ರ ಆಗುತ್ತೇನೆ ಎಂದ. ಮೂರ್ತಿ ಹೊತ್ತು ಊರೂರು ಅಲೆದವರಿಗೆ ಮದ್ದ ದೇಶದ ಸಾಗಲ ನಗರದಲ್ಲಿ ಅಂಥ ಕನ್ಯೆ ಸಿಕ್ಕಳು. ಸುಕುಮಾರಿ. ಗಾಡಿಯಲ್ಲಿ ಕರೆತರುವಾಗ ದಾರಿಯ ಆಯಾಸ ತಾಳದೆ ತೀರಿಕೊಂಡಳು. ಅವಳನ್ನು ಒಂದು ಸಲವೂ ನೋಡದ ಕುಮಾರ ಊಟ-ನಿದ್ದೆ ಬಿಟ್ಟು ದುಃಖಿಸಿದ. ಭಗವಾನರು ಅವನ ಮನೆಗೆ ಬಂದು ತಿಳಿಹೇಳಿದ್ದು ಇಷ್ಟು: ಈ ಶೋಕ, ಈ ಭಯ ಹುಟ್ಟಿದ್ದು ನಿನ್ನ ಕಾಮನೆಯಿಂದಲೇ.

ಗಮನಿಸಿ. ಅವನು ಅತ್ತದ್ದು ಆ ಹುಡುಗಿಗಾಗಿ ಅಲ್ಲ. ಅವಳು ಯಾರೆಂದೇ ಅವನಿಗೆ ಗೊತ್ತಿರಲಿಲ್ಲ. ಅವನು ಅತ್ತದ್ದು ತಾನೇ ಮಾಡಿಸಿದ ಮೂರ್ತಿಗಾಗಿ. ನನ್ನ ಮೂರ್ತಿ ಮೊಬೈಲಿನಲ್ಲಿತ್ತು, ಅಷ್ಟೇ ವ್ಯತ್ಯಾಸ. ಅದನ್ನು ಹೊತ್ತು 23 ಮನೆಗೆ ಹೋಗಿ, ಜೀವಂತ ಮನುಷ್ಯರ ಪಕ್ಕದಲ್ಲಿಟ್ಟು ಅಳತೆ ಮಾಡಿ ಬಂದೆ. ಆ ಮನೆಗಳ ಹೆಣ್ಣುಮಕ್ಕಳಿಗೆ ಹೇಗನಿಸಿತೋ ಎಂದು ಒಮ್ಮೆಯೂ ಯೋಚಿಸಲಿಲ್ಲ. ಹುಟ್ಟಿನಿಂದ ಅಳೆಯಿಸಿಕೊಂಡ ಜನ ನಾವು. ಅಳತೆಗೋಲು ನಮ್ಮ ಕೈಗೆ ಬಂದಾಗ ನಾನು ಮಾಡಿದ್ದೂ ಅದನ್ನೇ.

*ಬಾಬಾಸಾಹೇಬರ ಬದುಕು*

ಮಾತೆ ರಮಾಬಾಯಿ ತೀರಿಕೊಂಡದ್ದು 27 ಮೇ 1935ರಂದು. ಪಾಕಿಸ್ತಾನದ ಪ್ರಶ್ನೆ ಕುರಿತ ಪುಸ್ತಕವನ್ನು ಬಾಬಾಸಾಹೇಬರು ಅವರ ನೆನಪಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ನೆನೆಯುವುದು ಅವರ ಒಳ್ಳೆಯ ಹೃದಯವನ್ನು, ಶುದ್ಧ ನಡತೆಯನ್ನು, ಕಷ್ಟದ ದಿನಗಳಲ್ಲಿ ಜೊತೆಗೆ ನಿಂತ ತಾಳ್ಮೆಯನ್ನು. ರೂಪದ ಮಾತಿಲ್ಲ.

ಜಾತಿ ವಿನಾಶಕ್ಕೆ ನಿಜವಾದ ಮದ್ದು ಅಂತರ್ಜಾತಿ ವಿವಾಹ ಎಂದು ಅವರು ಬರೆದದ್ದು 1936ರಲ್ಲಿ. 15 ಏಪ್ರಿಲ್ 1948ರಂದು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಡಾ. ಶಾರದಾ ಕಬೀರ್ ಅವರನ್ನು ಮದುವೆಯಾಗಿ ಅದರಂತೆ ನಡೆದರು. ಅವರೇ ಮಾಯಿ ಸವಿತಾ ಅಂಬೇಡ್ಕರ್. 14 ಅಕ್ಟೋಬರ್ 1956ರಂದು ನಾಗಪುರದಲ್ಲಿ ಇಬ್ಬರೂ ಕೂಡಿ ದೀಕ್ಷೆ ಪಡೆದರು. ಎಲ್ಲ ಮನುಷ್ಯರೂ ಸಮಾನರೆಂಬ ಪ್ರತಿಜ್ಞೆ ನಮ್ಮ 22 ಪ್ರತಿಜ್ಞೆಗಳಲ್ಲಿದೆ. ವಧು-ವರ ಗುಂಪಿನಲ್ಲಿ ಅದಕ್ಕೆ ರಜೆ ಇಲ್ಲ.

*ಹಾಗಾದರೆ ನೋಡಬೇಕಾದ್ದು ಏನು?*

ನಕುಲಪಿತ, ನಕುಲಮಾತೆ ಎಂಬ ವೃದ್ಧ ದಂಪತಿಗಳಿಗೆ ಭಗವಾನರು ನಾಲ್ಕು ಹೊಂದಾಣಿಕೆ ಹೇಳಿದರು: ಶ್ರದ್ಧೆ, ಶೀಲ, ದಾನಗುಣ, ಪ್ರಜ್ಞೆ. ಅಲ್ಲಿ ಬರುವ ಮುಂದಿನ ಜನ್ಮದ ಮಾತನ್ನು ಬದಿಗಿಡೋಣ, ಈ ಜನ್ಮಕ್ಕೇ ಇದು ಸಾಕು. ಈ ನಾಲ್ಕೂ ಫೋಟೋದಲ್ಲಿ ಕಾಣುವುದಿಲ್ಲ. ಕೂತು ಮಾತಾಡಿದರೆ ಕಾಣುತ್ತವೆ. ಹಿರೇಕೆರೂರು ಕಡೆಯ ಆ ಮನೆಯಲ್ಲಿ ಅರ್ಧ ಗಂಟೆಯಲ್ಲಿ ನನಗೆ ಕಂಡಿದ್ದವು.

ಆಕೆಗೆ ಈಗ ಮದುವೆಯಾಗಿದೆ. ಕ್ಷಮೆ ಕೇಳಲು ಫೋನ್ ಮಾಡೋಣವೆನಿಸಿತ್ತು. ಮಾಡಲಿಲ್ಲ. ಅದರಿಂದ ಹಗುರಾಗುತ್ತಿದ್ದವನು ನಾನು, ಅವರಲ್ಲ. ಬದಲಿಗೆ ಬಯೋಡಾಟಾದಿಂದ ಉಪಜಾತಿಯ ಸಾಲು, ಬಣ್ಣದ ಸಾಲು ಎರಡನ್ನೂ ತೆಗೆದೆ. ಸೋದರಮಾವ ಅಂದಿನಿಂದ ಮಾತು ಬಿಟ್ಟಿದ್ದಾರೆ. ಹಬ್ಬಕ್ಕೂ ಕರೆಯಲಿಲ್ಲ. ಆ ನೋವು ಇದೆ, ಸುಳ್ಳು ಹೇಳುವುದಿಲ್ಲ.

ಒಂಟಿತನ ಹೋಯಿತೇ? ಪೂರ್ತಿ ಇಲ್ಲ. ಆದರೆ ಒಂದು ತಿಳಿಯಿತು. ಕಲ್ಯಾಣಮಿತ್ರರು ಧಮ್ಮಜೀವನದ ಅರ್ಧ ಎಂದು ಆನಂದ ಹೇಳಿದಾಗ ಭಗವಾನರು ತಿದ್ದಿ, ಅರ್ಧವಲ್ಲ, ಪೂರ್ತಿ ಎಂದರು. ಹೆಂಡತಿ ಬಂದರೆ ಎಲ್ಲ ಸರಿಹೋಗುತ್ತದೆಂದು ಒಬ್ಬಳ ತಲೆಯ ಮೇಲೆ ಆರು ವರ್ಷದ ಒಂಟಿತನ ಹೊರಿಸಲು ಹೊರಟಿದ್ದೆ. ಈಗ ಭಾನುವಾರ ವಂದನೆಯ ನಂತರ ನನ್ನ ಮನೆಯಲ್ಲೇ ಒಲೆ ಹಚ್ಚುತ್ತೇವೆ. ಇಬ್ಬರು ಹುಡುಗರು, ಗಂಡನನ್ನು ಕಳೆದುಕೊಂಡ ಓಣಿಯ ದೊಡ್ಡವ್ವ, ನಾನು. ದೊಡ್ಡವ್ವ ರೊಟ್ಟಿ ಬಡಿಯುವುದು ಕಲಿಸುತ್ತಿದ್ದಾರೆ. ನನ್ನದು ಇನ್ನೂ ಹರಿಯುತ್ತದೆ.

*ಇಂದಿನ ಅಭ್ಯಾಸ:*
1. ನಿಮ್ಮ ಅಥವಾ ನಿಮ್ಮ ಮಕ್ಕಳ ಬಯೋಡಾಟಾ ತೆಗೆದು ಓದಿ. ಪ್ರತಿಜ್ಞೆಗೆ ವಿರುದ್ಧವಾದ ಸಾಲು ಇದ್ದರೆ ಇಂದೇ ಅಳಿಸಿ.
2. ಒಬ್ಬರೇ ಊಟ ಮಾಡುವವರು ನಿಮ್ಮ ಓಣಿಯಲ್ಲಿದ್ದರೆ ಈ ವಾರ ಒಮ್ಮೆ ಊಟಕ್ಕೆ ಕರೆಯಿರಿ.
3. ರಾತ್ರಿ ಮೊಬೈಲ್ ಕೆಳಗಿಟ್ಟು ಹತ್ತು ನಿಮಿಷ ಆನಾಪಾನ ಮಾಡಿ. ಒಂಟಿತನ ಬಂದರೆ ಓಡಿಸಬೇಡಿ, ಬಂದಿದೆ ಎಂದು ತಿಳಿಯಿರಿ.

ತಪ್ಪಿದ್ದರೆ ತಿದ್ದಿ. ನಾಳಿನ ಸರದಿಯವರು ಇಂದು ಸಂಜೆಯೊಳಗೆ ಗುಂಪಿನಲ್ಲಿ ತಿಳಿಸಿ.

ಎಲ್ಲರಿಗೂ ಮಂಗಲವಾಗಲಿ 🙏
*ಜೈ ಭೀಮ್ | ನಮೋ ಬುದ್ಧಾಯ* ☸️