ಗಿರಿಯಾತ್ರೆಯೂ ರೋಪ್‌ವೇಯೂ

ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಜನರಿಗೆ ನಂದಿಬೆಟ್ಟವು ನಿತ್ಯವೂ ಕಣ್ಣಿಗೆ ಬೀಳುವ ಗಿರಿ. 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ರೋಪ್‌ವೇ ನಿರ್ಮಿಸಲು 2023ರಲ್ಲಿ ಶಂಕುಸ್ಥಾಪನೆಯಾಯಿತು. ವಿಹಾರಾರ್ಥಿಗಳಿಗೆ ಇದು ಕೇವಲ ಅನುಕೂಲದ ವಿಷಯ. ಆದರೆ ತೀರ್ಥಗಿರಿಗೂ ಇದೇ ಸೌಕರ್ಯ ಬಂದಾಗ ಶ್ರಾವಕನ ಮುಂದೆ ಪ್ರಶ್ನೆಯೊಂದು ನಿಲ್ಲುತ್ತದೆ: ಕಾಲು ಸವೆಸದೆ ಪಡೆದ ದರ್ಶನವು ಯಾತ್ರೆಯೆನಿಸೀತೆ?

ಭಗವಾನ್ ನೇಮಿನಾಥರ ನಿರ್ವಾಣಭೂಮಿಯಾದ ಗಿರನಾರದಲ್ಲಿ 2020ರ ಅಕ್ಟೋಬರಿನಲ್ಲಿ ರೋಪ್‌ವೇ ಆರಂಭವಾಯಿತು. ಸುಮಾರು 2.3 ಕಿಲೋಮೀಟರ್ ದೂರವನ್ನು ಕೆಲವೇ ನಿಮಿಷಗಳಲ್ಲಿ ಕ್ರಮಿಸಿ ಅದು ಅಂಬಾಜಿ ಮಂದಿರದ ಬಳಿ ನಿಲ್ಲುತ್ತದೆ. ನೇಮಿನಾಥರ ಜಿನಾಲಯವಾದರೋ ಅದಕ್ಕಿಂತ ಕೆಳಗಿದೆ. ನಿರ್ವಾಣದ ಟೋಂಕು ಇನ್ನೂ ಮುಂದಿದೆ. ಒಂದಕ್ಕೆ ಇಳಿದು ಬರಬೇಕು, ಇನ್ನೊಂದಕ್ಕೆ ನಡೆದು ಹೋಗಬೇಕು. ಜಪಾನಿನ ಮಿಯಾಜಿಮಾ ದ್ವೀಪದ ಪವಿತ್ರ ಮಿಸೆನ್ ಪರ್ವತದಲ್ಲಿಯೂ ರೋಪ್‌ವೇ ಶಿಖರವನ್ನು ಮುಟ್ಟುವುದಿಲ್ಲ. ಕೊನೆಯ ಸುಮಾರು ಒಂದು ಕಿಲೋಮೀಟರನ್ನು ಕಾಲ್ನಡಿಗೆಯಲ್ಲಿಯೇ ಏರಬೇಕು.

ಹಾಗೆಂದು ಶ್ರಮವೇ ಪುಣ್ಯವೆನ್ನಲಾಗದು. ಮೆಟ್ಟಿಲೇರಿದ ಮಾತ್ರಕ್ಕೆ ಪುಣ್ಯವಾದರೆ ಅದು ಡೋಲಿ ಹೊರುವವನಿಗೆ ಮೊದಲು ಸಲ್ಲಬೇಕು, ಕುಳಿತವನಿಗಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸಿದ್ದಾರೆ. ನೆಲ ನೋಡದೆ ಹರಟುತ್ತ ಮೆಟ್ಟಿಲೇರುವವನೂ ಪ್ರಮಾದಿಯೇ. ಕೈಲಾಗದೆ ಯಂತ್ರವನ್ನೇರಿ ಮನಸ್ಸನ್ನು ಜಿನಸ್ಮರಣೆಯಲ್ಲಿ ನಿಲ್ಲಿಸಿದ ವೃದ್ಧೆ ಅಪ್ರಮತ್ತಳೇ. ಆದರೆ ಕಾಲಿನಲ್ಲಿ ಬಲವಿದ್ದೂ "ಭಾವವೇ ಮುಖ್ಯ" ಎಂದು ಟಿಕೆಟ್ ಕೊಳ್ಳುವವನು ಭಾವದ ಹೆಸರಿನಲ್ಲಿ ಆಲಸ್ಯವನ್ನೇ ಪೋಷಿಸುತ್ತಾನೆ.

ಇನ್ನೊಂದು ಲೆಕ್ಕವೂ ಉಂಟು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಅಶಕ್ತರನ್ನು ಡೋಲಿಯವರು ಹೊತ್ತೊಯ್ಯುತ್ತಾರೆ. ಯಾವುದೇ ತೀರ್ಥಗಿರಿಗೆ ಯಂತ್ರ ಬಂದರೆ ಅಂಥವರ ಹೆಗಲಿನ ಭಾರ ಇಳಿಯುತ್ತದೆ; ಅದರೊಡನೆ ಕೂಲಿಯೂ ಹೋಗುತ್ತದೆ. ಭಾರ ಇಳಿಸಿದ್ದನ್ನು ಕರುಣೆಯೆಂದು ಜಮಾ ಬರೆದು, ಹೋದ ಕೂಲಿಯನ್ನು ಖರ್ಚಿನಲ್ಲಿ ಕಾಣಿಸದಿದ್ದರೆ ಆ ಲೆಕ್ಕ ಸುಳ್ಳಾಗುತ್ತದೆ. ಸೌಕರ್ಯವನ್ನು ಬಯಸುವ ಟ್ರಸ್ಟುಗಳು ಆ ಕುಟುಂಬಗಳ ಜೀವನೋಪಾಯವನ್ನು ಮೊದಲು ಯೋಚಿಸುವುದು ಧರ್ಮ.

ನೇಮಿಕುಮಾರರು ವಿವಾಹಕ್ಕೆಂದು ರಥವೇರಿ ಬಂದಿದ್ದರು. ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕಿವಿಗೆ ಬಿದ್ದೊಡನೆ ಎಲ್ಲವನ್ನೂ ತೊರೆದು ಗಿರನಾರವನ್ನೇರಿದರು. ತಮ್ಮ ಸುಖಕ್ಕಾಗಿ ಯಾರು ನೋಯುತ್ತಿದ್ದಾರೆಂದು ಅವರು ಕೇಳಿಸಿಕೊಂಡರು. ಅವರ ಗಿರಿಯನ್ನು ಏರುವವರು, ನಡೆದೇ ಹೋಗಲಿ, ಯಂತ್ರದಲ್ಲಿಯೇ ಹೋಗಲಿ, ಅಷ್ಟನ್ನು ಕೇಳಿಸಿಕೊಂಡರೆ ಯಾತ್ರೆ ಸಾರ್ಥಕ.