ಆಡದೇ ಬಿಟ್ಟ ಫೈನಲ್

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಭಾರತದ ಟೆನಿಸ್‌ನ ಒಂದು ದೊಡ್ಡ ಗೆಲುವು ಈ ಊರಿನದು ಎಂದು ಗೊತ್ತಾದದ್ದು ಮಾತ್ರ ಈಚೆಗೆ. 1974ರ ಡೇವಿಸ್ ಕಪ್ ಸೆಮಿಫೈನಲ್‌ನಲ್ಲಿ ನಮ್ಮವರು ಇಲ್ಲಿ ಸೋವಿಯತ್ ಒಕ್ಕೂಟವನ್ನು 3-1ರಿಂದ ಸೋಲಿಸಿದರು. ಅದಕ್ಕೆ ಮುಂಚೆ ಕಲ್ಕತ್ತಾದಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿದ್ದರು. ತಂಡದಲ್ಲಿ ಮದ್ರಾಸಿನ ಅಮೃತರಾಜ್ ಸೋದರರಿದ್ದರು; ವಿಜಯ್‌ಗೆ ಆಗಿನ್ನೂ ಇಪ್ಪತ್ತು ವರ್ಷ. ಫೈನಲ್‌ನಲ್ಲಿ ಎದುರಾಳಿ ದಕ್ಷಿಣ ಆಫ್ರಿಕಾ. ಅಲ್ಲಿನ ವರ್ಣಭೇದ ನೀತಿಯನ್ನು ವಿರೋಧಿಸಿ ನಾವು ಪಂದ್ಯ ಬಿಟ್ಟುಕೊಟ್ಟೆವು. ಫೈನಲ್‌ನಲ್ಲಿ ಒಂದು ಚೆಂಡನ್ನೂ ಹೊಡೆಯದೆ ಅವರು ಕಪ್ ಪಡೆದರು.

‘ನಾವು’ ಎಂದು ಬರೆದುಬಿಟ್ಟೆ. ನಾನಾಗ ಹುಟ್ಟಿಯೂ ಇರಲಿಲ್ಲ. ನಿರ್ಧಾರ ಸರ್ಕಾರದ್ದು, ಹೆಮ್ಮೆ ನಮ್ಮೆಲ್ಲರದ್ದು, ನಷ್ಟ ಮಾತ್ರ ಕೆಲವೇ ಹುಡುಗರದ್ದು. ಒಂದು ನ್ಯಾಯವಾದ ನಿಲುವಿನ ಬೆಲೆಯನ್ನು ಬೇರೆಯವರಿಂದ ಕೊಡಿಸುವ ಹಕ್ಕು ಯಾರಿಗಿದೆ?

ಈ ಪ್ರಶ್ನೆ ನನ್ನನ್ನು ಕಾಡಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಗ್ರಾಹಕ ಕಂಪನಿಯೊಂದು, ಮುಗಿಯದ ಟೆಸ್ಟಿಂಗನ್ನು ಮುಗಿದಿದೆ ಎಂದು ಬರೆದುಕೊಡಲು ಹೇಳಿತು. ನಾನು ಸಹಿ ಹಾಕಲಿಲ್ಲ. ಪ್ರಾಜೆಕ್ಟ್ ಕೈಬಿಟ್ಟುಹೋಯಿತು. ನನಗೆ ತಿಂಗಳೊಳಗೆ ಇನ್ನೊಂದು ಸಿಕ್ಕಿತು. ಆದರೆ ತಂಡದಲ್ಲಿದ್ದ ಹುಬ್ಬಳ್ಳಿ ಕಡೆಯ ಹುಡುಗನೊಬ್ಬನಿಗೆ ಆನ್‌ಸೈಟ್‌ಗೆ ವೀಸಾ ಕೂಡ ಬಂದಿತ್ತು. ಅದು ಅಲ್ಲಿಗೇ ನಿಂತಿತು. “ನೀವು ಮಾಡಿದ್ದು ಬರೋಬ್ಬರಿ ಐತ್ರಿ ಸರ್. ಆದ್ರ ಮೊದ್ಲ ನನಗೊಂದ್ ಮಾತು ಹೇಳಬೇಕಿತ್ತು” ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಆಟದಲ್ಲಿ ರಾಜಕೀಯ ಬೇಡ ಎಂದುಬಿಟ್ಟರೆ ತಕರಾರೇ ಮುಗಿಯಿತಲ್ಲ ಎನ್ನಬಹುದು. ಆದರೆ ದಕ್ಷಿಣ ಆಫ್ರಿಕಾದಲ್ಲಿ ರಾಜಕೀಯ ಹೊರಗಿನಿಂದ ಆಟದೊಳಕ್ಕೆ ಬರಬೇಕಾಗಿರಲಿಲ್ಲ. ತಂಡದ ಪಟ್ಟಿಯಲ್ಲೇ ಇತ್ತು. ಕೇಪ್‌ಟೌನ್‌ನಲ್ಲಿ ಹುಟ್ಟಿದ ಬೆಸಿಲ್ ಡಿ'ಒಲಿವೆರಾಗೆ ಚರ್ಮದ ಬಣ್ಣದಿಂದಾಗಿ ತನ್ನ ದೇಶಕ್ಕೆ ಆಡುವ ಅವಕಾಶವಿರಲಿಲ್ಲ. ಆತ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಟೆಸ್ಟ್ ತಂಡ ಸೇರಿದ. 1968ರಲ್ಲಿ ಆತನಿರುವ ಇಂಗ್ಲೆಂಡ್ ತಂಡವನ್ನು ಬರಮಾಡಿಕೊಳ್ಳಲು ದಕ್ಷಿಣ ಆಫ್ರಿಕಾದ ಪ್ರಧಾನಿ ಫೋರ್ಸ್ಟರ್ ಒಪ್ಪಲಿಲ್ಲ, ಪ್ರವಾಸವೇ ರದ್ದಾಯಿತು. ಅಂಥವರೊಂದಿಗೆ ಸುಮ್ಮನೆ ಆಡುವುದೂ ಒಂದು ರಾಜಕೀಯವೇ.

ಹಾಗೆಂದು ಎಲ್ಲ ಬಹಿಷ್ಕಾರವೂ ಒಂದೇ ಅಲ್ಲ. ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತೆಂದು ಅಮೆರಿಕ 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಸೋವಿಯತ್‌ಗೆ ಧಾನ್ಯ ಮಾರುವುದನ್ನೂ ನಿರ್ಬಂಧಿಸಿತು. ಸ್ವಂತ ರೈತರಿಗೆ ಪೆಟ್ಟು ಬಿದ್ದಾಗ ಆ ನಿರ್ಬಂಧವನ್ನು 1981ರಲ್ಲೇ ತೆಗೆಯಿತು. ಸೇನೆ ಅಲ್ಲಿಂದ ಪೂರ್ತಿ ಹೊರಟದ್ದು 1989ರಲ್ಲಿ. ಧಾನ್ಯದ ಮಾರುಕಟ್ಟೆ ಮತ್ತೆ ತೆರೆಯಿತು, ಓಟಗಾರರ 1980 ಮರಳಲಿಲ್ಲ. ಅದೇ ಮಾಸ್ಕೋದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಅವರಿದ್ದ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಪಶ್ಚಿಮ ಜರ್ಮನಿ, ಪಾಕಿಸ್ತಾನದಂಥ ತಂಡಗಳು ಬಂದೇ ಇರಲಿಲ್ಲ. ನಮ್ಮ ಆ ಖುಷಿಯಲ್ಲಿ ಬೇರೆಯವರ ನಷ್ಟದ ಪಾಲೂ ಇತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೂರು ವ್ಯತ್ಯಾಸ ಕಾಣುತ್ತವೆ. ಒಂದು, ದಕ್ಷಿಣ ಆಫ್ರಿಕಾದಲ್ಲಿ ಅನ್ಯಾಯ ಆಟದ ಒಳಗೇ ಇತ್ತು. ಎರಡು, ನಮ್ಮೊಂದಿಗೆ ಸಂಬಂಧ ಕಡಿದುಕೊಳ್ಳಿ ಎಂದು ಜಗತ್ತನ್ನು ಕೇಳಿದ್ದು ಅನ್ಯಾಯಕ್ಕೊಳಗಾದವರೇ, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನವರೇ. ಮೂರು, ಭಾರತ 1946ರಲ್ಲೇ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿ, 1974ರಲ್ಲೂ ಆ ಮಾತಿಗೆ ಅಂಟಿಕೊಂಡಿತ್ತು. ಆಟಗಾರರ ಕೈಯಿಂದ ರಾಕೆಟ್ ಕೆಳಗಿಡಿಸುವ ಮೊದಲು ದೇಶ ತನ್ನ ತಕ್ಕಡಿಯನ್ನು ಕೆಳಗಿಟ್ಟಿತ್ತು. ಹಾಗಾಗಿ 1974ರ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. 1991ರಲ್ಲಿ ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ಮರಳಿದಾಗ ಮೊದಲ ಪಂದ್ಯ ಆಡಿದ್ದು ಕಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ, ನಮ್ಮೊಂದಿಗೇ. ಬಾಗಿಲು ಹಾಕಿದವರೇ ತೆರೆದದ್ದು ಒಳ್ಳೆಯದಾಯಿತು.

ಆದರೆ ನಿರ್ಧಾರ ಸರಿಯಾಗಿತ್ತು ಎಂದಮಾತ್ರಕ್ಕೆ ಸಾಲ ತೀರುವುದಿಲ್ಲ. 1987ರಲ್ಲಿ ವಿಜಯ್ ಮತ್ತೆ ಡೇವಿಸ್ ಕಪ್ ಫೈನಲ್ ತಲುಪಿದರು. ಆಗವರಿಗೆ ಮೂವತ್ತು ದಾಟಿತ್ತು. ಸ್ವೀಡನ್ 5-0ಯಿಂದ ಗೆದ್ದಿತು. ಆ ಕಪ್ ಇವತ್ತಿಗೂ ನಮ್ಮ ಕೈಗೆ ಬಂದಿಲ್ಲ.

ಆ ಹುಡುಗ ಕೇಳಿದ್ದೂ ಇಷ್ಟೇ ಇರಬೇಕು. ಸಹಿ ಹಾಕದಿರುವ ಹಕ್ಕು ನನ್ನದು, ಅದಕ್ಕೆ ಅವನ ಅಪ್ಪಣೆ ಬೇಕಿರಲಿಲ್ಲ. ಆದರೆ ಬೆಲೆ ಕೊಡುವವನು ಅವನು ಎಂದು ನನಗೆ ಮೊದಲೇ ಗೊತ್ತಿತ್ತು. ಎದುರಿಗೆ ಕೂತು ಹೇಳುವ ಧೈರ್ಯ ಮಾಡದೆ ಎಲ್ಲರ ಜೊತೆ ಅವನಿಗೂ ಒಂದು ಮೇಲ್ ಕಳಿಸಿದೆ. ತತ್ವ ನನ್ನದೆಂದು ಎದೆಯುಬ್ಬಿಸಿದವನು, ಅವನ ಮುಂದಿನ ಅವಕಾಶಕ್ಕಾಗಿ ನಾಲ್ಕು ಬಾಗಿಲು ತಟ್ಟಬೇಕಿತ್ತು. ತಟ್ಟಿದೆ, ಆದರೆ ಅವನು ಕೇಳಿದ ಮೇಲೆ.