ಗಡ್ಡೆಗೆ ಹೊಸ ಮಣ್ಣು



ಧಮ್ಮ ಬಂಧುಗಳೆ, ಇಂದಿನ ಚಿಂತನೆಗೆ ಸಂಯುತ್ತ ನಿಕಾಯದ ಬೀಜ ಸುತ್ತವನ್ನು ಆರಿಸಿಕೊಂಡಿದ್ದೇನೆ. ಚಿಕ್ಕ ಸುತ್ತ. ಅದರಲ್ಲಿ ಭಗವಾನ್ ಬುದ್ಧರು ಐದು ಬಗೆಯ ಬೀಜಗಳನ್ನು ಹೆಸರಿಸುತ್ತಾರೆ: ಮೂಲಬೀಜ, ಖಂಧಬೀಜ, ಅಗ್ಗಬೀಜ, ಫಳುಬೀಜ, ಬೀಜಬೀಜ. ಬೇರಿನಿಂದ ಹುಟ್ಟುವುದು, ಕಾಂಡದಿಂದ ಹುಟ್ಟುವುದು, ತುದಿಯಿಂದ, ಗೆಣ್ಣಿನಿಂದ, ಕಾಳಿನಿಂದ. ಕಬ್ಬು ನೆಟ್ಟವರಿಗೆ, ರಾಗಿ ಬಿತ್ತಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಿನಯ ಪಿಟಕದಲ್ಲಿ ಮೂಲಬೀಜಕ್ಕೆ ಉದಾಹರಣೆಯಾಗಿ ಮೊದಲು ಬರುವುದೇ ಅರಿಶಿನ, ಆಮೇಲೆ ಶುಂಠಿ. ಭಿಕ್ಖುಗಳು ಗಿಡ ಕೀಳುವಂತಿಲ್ಲ, ನೆಲ ಅಗೆಯುವಂತಿಲ್ಲ ಎಂಬ ನಿಯಮವೂ ಅಲ್ಲೇ ಇದೆ. ಹಾಗಾಗಿ ನಾನು ಇವತ್ತು ಹೇಳಹೊರಟಿರುವ ಕೆಲಸ ಉಪಾಸಕ ಉಪಾಸಿಕೆಯರದ್ದೇ. ಭಂತೇಜಿ ಮನೆಗೆ ಬಂದಾಗ ಅವರ ಕೈಗೆ ಕುರ್ಪಿ ಕೊಡಬೇಡಿ.

ಬೀಜ ಒಡೆದಿಲ್ಲ, ಕೊಳೆತಿಲ್ಲ, ಗಾಳಿ ಬಿಸಿಲಿಗೆ ಕೆಟ್ಟಿಲ್ಲ; ಆದರೆ ಮಣ್ಣು ನೀರು ಇಲ್ಲದಿದ್ದರೆ ಅದು ಬೆಳೆಯುತ್ತದೆಯೇ ಎಂದು ಬುದ್ಧರು ಕೇಳುತ್ತಾರೆ. ಇಲ್ಲ ಭಂತೆ, ಎನ್ನುತ್ತಾರೆ ಭಿಕ್ಖುಗಳು. ಆ ಸುತ್ತದ ಗುರಿ ತೃಷ್ಣೆ ಎಂಬ ನೀರು ಸಿಕ್ಕಿ ಮನಸ್ಸು ಹೇಗೆ ಅಂಟಿಕೊಂಡು ಬೆಳೆಯುತ್ತದೆ ಎಂದು ತೋರಿಸುವುದು. ಅದೇ ಲೆಕ್ಕವನ್ನು ಒಳ್ಳೆಯದಕ್ಕೂ ಹಾಕಿ ನೋಡುವುದು ನನ್ನ ಸ್ವಾತಂತ್ರ್ಯ, ಸುತ್ತದ ಮಾತಲ್ಲ.

ನಮ್ಮ ತಾರಸಿಯ ಮೇಲೆ ಕುಂಡಗಳಲ್ಲಿ ಬಾಲ್ ಲಿಲ್ಲಿ ಇದೆ. ಮೇ ಹೂ ಎಂದೂ ಕರೆಯುತ್ತಾರೆ. ಇದರ ತವರು ಆಫ್ರಿಕ. ಮುಂಗಾರಿಗೆ ಮುಂಚಿನ ಮಳೆ ಎರಡು ಬಿದ್ದರೆ ಸಾಕು, ಬರಿ ಮಣ್ಣಿನಿಂದ ದಂಟು ಎದ್ದು ಕೆಂಪು ಚೆಂಡಿನಂಥ ಹೂ ನಿಲ್ಲುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗುಂಪು. ಹೆಚ್ಚು ಕಡಿಮೆ ವೈಶಾಖ ಹುಣ್ಣಿಮೆಯ ಹೊತ್ತಿಗೆ ಅರಳುವುದರಿಂದ ನಮ್ಮ ಮನೆಯಲ್ಲಿ ಮಕ್ಕಳು ಇದಕ್ಕೆ ಬುದ್ಧನ ಹೂ ಎಂದೇ ಹೆಸರಿಟ್ಟಿದ್ದಾರೆ. ವರ್ಷಕ್ಕೊಮ್ಮೆ, ಒಂದೆರಡು ವಾರ. ಆಮೇಲೆ ಮಳೆಗಾಲವೆಲ್ಲ ಎಲೆ. ಚಳಿ ಬಂದಾಗ ಎಲೆ ಹಳದಿಯಾಗಿ ಬಿದ್ದು, ಕುಂಡ ಖಾಲಿ ಇದ್ದ ಹಾಗೆ ಕಾಣುತ್ತದೆ.

ಈ ಖಾಲಿ ಕುಂಡವನ್ನು ತೋರಿಸಿ ಪಕ್ಕದ ಮನೆಯ ಹಿರಿಯರೊಬ್ಬರು, “ನೋಡಿ ಮೇಷ್ಟ್ರೆ, ಸತ್ತದ್ದು ಮತ್ತೆ ಹುಟ್ಟುತ್ತೆ. ಆತ್ಮ, ಪುನರ್ಜನ್ಮ ಇಲ್ಲ ಅಂತೀರಲ್ಲ ನೀವು” ಎಂದರು. ಒಳ್ಳೆಯ ಮನುಷ್ಯರು, ವಾದಕ್ಕೆಂದು ಹೇಳಿದ್ದಲ್ಲ. ನಾನು ಅವರಿಗೆ ಒಂದು ಗಡ್ಡೆ ತೆಗೆದು ತೋರಿಸಿದೆ. ಈರುಳ್ಳಿಯ ಹಾಗೆ ಪದರ ಪದರ. ಮಳೆಗಾಲದಲ್ಲಿ ಎಲೆ ಬಿಸಿಲು ಕುಡಿದು ಮಾಡಿದ ಆಹಾರವೆಲ್ಲ ಆ ಪದರಗಳಲ್ಲಿ ಕೂತಿರುತ್ತದೆ. ಅದು ಸತ್ತಿರಲಿಲ್ಲ, ಆದ್ದರಿಂದ ಮತ್ತೆ ಹುಟ್ಟುವ ಪ್ರಶ್ನೆಯೂ ಇಲ್ಲ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ವಿಷಯವನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ: ಮತ್ತೆ ಸೇರಿಕೊಳ್ಳುವುದು ಪೃಥ್ವಿ, ಆಪ, ತೇಜ, ವಾಯು ಎಂಬ ಧಾತುಗಳು, ಒಂದು ಆತ್ಮ ದೇಹದಿಂದ ದೇಹಕ್ಕೆ ಹಾರುವುದಿಲ್ಲ. ಹಿಂದಿನ ಜನ್ಮದ ಕರ್ಮದಿಂದ ನೀನು ಕೇರಿಯಲ್ಲಿ ಹುಟ್ಟಿದೆ ಎಂದು ನಮ್ಮ ತಾತಂದಿರಿಗೆ ಹೇಳಿಕೊಟ್ಟ ಪಾಠವನ್ನು ಅವರು ಒಪ್ಪಲಿಲ್ಲ. ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ 21ನೆಯದು ಹೊಸ ಜನ್ಮದ ಮಾತಾಡುತ್ತದೆ. ಅದು ಇದೇ ದೇಹದಲ್ಲಿ, ಇದೇ ಊರಿನಲ್ಲಿ, ಕಣ್ಣು ತೆರೆದುಕೊಂಡು ಪಡೆಯುವ ಜನ್ಮ.

ಎರಡು ಮೂರು ವರ್ಷಕ್ಕೊಮ್ಮೆ ಈ ಗಡ್ಡೆಯ ಕುಂಡ ಬದಲಿಸಬೇಕು. ಹಳೆ ಮಣ್ಣಿನಲ್ಲಿ ಸತ್ವ ಹೋಗಿ ಅದು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ, ಮರಿಗಡ್ಡೆಗಳು ಒತ್ತಿಕೊಂಡಿರುತ್ತವೆ. ಈಗ, ಮಾರ್ಚ್ ಕೊನೆಯಲ್ಲಿ, ಗಡ್ಡೆ ಮಲಗಿರುವಾಗಲೇ ಮಾಡಬೇಕು. ಕುತ್ತಿಗೆ ಹಿಡಿದು ಎಳೆಯಬಾರದು. ಕುಂಡದ ಸುತ್ತ ತಟ್ಟಿ, ಬೋರಲು ಹಾಕಿ, ಅಂಗೈಯಲ್ಲಿ ಮಣ್ಣಿನ ಮುದ್ದೆಯನ್ನು ಹಿಡಿದುಕೊಳ್ಳಬೇಕು. ಬೇರು ದಪ್ಪ, ನೀರು ತುಂಬಿದ್ದು, ಮುಟ್ಟಿದರೆ ಮುರಿಯುತ್ತದೆ. ಕೊಳೆತು ಮೆತ್ತಗಾದ ಭಾಗವನ್ನು ಕತ್ತರಿಸಿ ಆ ಗಾಯಕ್ಕೆ ಬೂದಿ ಹಚ್ಚಿ, ನೆರಳಿನಲ್ಲಿ ಎರಡು ದಿನ ಆರಿಸುತ್ತೇನೆ. ಹೊಸ ಕುಂಡ ಗಡ್ಡೆಗಿಂತ ಎರಡು ಮೂರು ಬೆರಳು ಅಗಲ ಇದ್ದರೆ ಸಾಕು. ಪ್ರೀತಿ ಹೆಚ್ಚಾಗಿ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ತೂತಿನ ಮೇಲೆ ಹೆಂಚಿನ ಚೂರು, ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರಬೇಕು. ಒಂದು ಸಲ ನೀರು ಹಾಕಿ, ಮೊಳಕೆ ಕಾಣುವವರೆಗೆ ಕೈ ಬಿಗಿ ಹಿಡಿಯಬೇಕು.

ಕುಂಡದಿಂದ ತೆಗೆಯುವ ಮುಂಚೆ ಹೊಸ ಮಣ್ಣು ಸಿದ್ಧವಾಗಿರಬೇಕು. ಬಾಬಾಸಾಹೇಬರು ಯೇವಲೆಯಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ್ದು 1935ರ ಅಕ್ಟೋಬರ್‌ನಲ್ಲಿ. ನಾಗಪುರದಲ್ಲಿ ಭಂತೆ ಚಂದ್ರಮಣಿಯವರಿಂದ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಇಪ್ಪತ್ತೊಂದು ವರ್ಷ. ಸಿಖ್ ಧರ್ಮವನ್ನು, ಇಸ್ಲಾಮನ್ನು, ಕ್ರೈಸ್ತ ಧರ್ಮವನ್ನು ಓದಿದರು, ತೂಗಿದರು. ಲಕ್ಷಾಂತರ ಜನರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಜವಾಬ್ದಾರಿ ಇದ್ದವರಿಗೆ ಅವಸರ ಇರಲಿಲ್ಲ. ಬೋಧಿವೃಕ್ಷದ ಕೊಂಬೆ ಸಿಂಹಳಕ್ಕೆ ಹೋದದ್ದೂ ಕುಂಡದಲ್ಲೇ. ಅಶೋಕನ ಮಗಳು ಸಂಘಮಿತ್ತೆ ಅದನ್ನು ಚಿನ್ನದ ಪಾತ್ರೆಯಲ್ಲಿಟ್ಟು ಹಡಗಿನಲ್ಲಿ ತಂದಳು ಎನ್ನುತ್ತದೆ ಮಹಾವಂಸ. ಕೊಂಬೆ ತಾನಾಗಿಯೇ ಬೇರ್ಪಟ್ಟಿತು ಎಂಬ ಪವಾಡವನ್ನು ನಾವು ಬಿಡೋಣ. ಆದರೆ ಚಿನ್ನದ್ದಾದರೂ ಅದು ಪಾತ್ರೆಯೇ ಎಂದು ತಿಳಿದು, ಅನುರಾಧಪುರದಲ್ಲಿ ಅದನ್ನು ನೆಲಕ್ಕೆ ನೆಟ್ಟರಲ್ಲ, ಅದನ್ನು ಹಿಡಿದುಕೊಳ್ಳೋಣ.

ಈಗ ನಮ್ಮ ವೃತ್ತದ ಒಬ್ಬ ಅಕ್ಕನ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಮಗಳಿಗೆ ಮದುವೆ ಗೊತ್ತಾಗಿದೆ. ಹುಡುಗ ಒಳ್ಳೆಯವನು, ಹುಡುಗಿಗೂ ಇಷ್ಟ. ಅವರ ಮನೆಯವರು ನಮ್ಮ ಜನವೇ, ದೀಕ್ಷೆ ಪಡೆದವರಲ್ಲ. ಅವರ ಕಡೆಯ ಬೇಡಿಕೆ: ಪುರೋಹಿತರು ಬರಬೇಕು, ಮುಹೂರ್ತ ನೋಡಬೇಕು, ಲಗ್ನಪತ್ರಿಕೆಯಲ್ಲಿ ಬುದ್ಧರ, ಬಾಬಾಸಾಹೇಬರ ಚಿತ್ರ ಇರಬಾರದು. ಕಾರಣ, ಹುಡುಗನ ಆಫೀಸಿನವರು ಬರುತ್ತಾರೆ. ಅಕ್ಕ ನನ್ನನ್ನು ಕೇಳಿದ್ದು ಇಷ್ಟೆ: “ಒಂದು ದಿನದ ಮಾತಲ್ವಾ ಮೇಷ್ಟ್ರೆ, ಒಪ್ಕೊಂಡ್ರೆ ಏನು ಹೋಗುತ್ತೆ?”

ಸಿಟ್ಟಾಗುವ ಪ್ರಶ್ನೆಯಲ್ಲ ಇದು. ಮಗಳ ಬಾಳಿನ ಭಯ ಇಟ್ಟುಕೊಂಡು ಕೇಳಿದ್ದು. ಬೇರು ಯಾವುದು, ಹಳೆ ಮಣ್ಣು ಯಾವುದು ಎಂದು ಬೇರೆ ಮಾಡಿ ನೋಡೋಣ ಎಂದೆ. ಹುಡುಗನ ಅಜ್ಜಿ ಅರಿಶಿನ ಹಚ್ಚುತ್ತೇನೆ ಎಂದರೆ ಹಚ್ಚಲಿ; ಅರಿಶಿನಕ್ಕೆ ಜಾತಿಯಿಲ್ಲ, ಬುದ್ಧರ ಪಟ್ಟಿಯಲ್ಲೇ ಮೊದಲ ಮೂಲಬೀಜ. ಹೆಂಗಸರು ಸೋಬಾನೆ ಹಾಡಲಿ. ನೆಂಟರು, ಊಟ, ಅಳು, ನಗು ಎಲ್ಲ ಬೇರು, ಅದನ್ನು ಮುರಿದುಕೊಂಡು ಯಾರೂ ಬೌದ್ಧರಾಗಬೇಕಾಗಿಲ್ಲ. ಪುರೋಹಿತರ ಮಾತು ಬೇರೆ. ಎಂಟನೆಯ ಪ್ರತಿಜ್ಞೆ ಅದನ್ನು ಹೆಸರು ಹಿಡಿದು ಬೇಡ ಎನ್ನುತ್ತದೆ. ಮುಹೂರ್ತ, ಜಾತಕ, ವರದಕ್ಷಿಣೆ ಬೇರಿಗೆ ಅಂಟಿದ ಮಣ್ಣು. ಬಂಧುಗಳು ಮುನಿಸಿಕೊಂಡರೂ ಒಂದು ಹೇಳುತ್ತೇನೆ: ದೀಕ್ಷೆ ಆದ ಮೇಲೂ ಸಂಬಂಧ ಹುಡುಕುವಾಗ ಎಡಗೈಯವರಾ ಬಲಗೈಯವರಾ ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಒಂಬತ್ತನೆಯ ಪ್ರತಿಜ್ಞೆ ಮನುಷ್ಯರೆಲ್ಲ ಸಮಾನ ಎನ್ನುತ್ತದೆ. ಎಲ್ಲಕ್ಕಿಂತ ಗಟ್ಟಿ ಮಣ್ಣು ಇದೇ.

ಇನ್ನು ಚಿತ್ರದ ವಿಷಯ. ಆಫೀಸಿನವರ ಕಣ್ಣಿಗೆ ಹೆದರಿ ಬಾಬಾಸಾಹೇಬರನ್ನು ಬಚ್ಚಿಟ್ಟ ಮನೆಯಲ್ಲಿ ಹುಡುಗಿ ನಾಳೆ ಏನೇನು ಬಚ್ಚಿಡಬೇಕಾದೀತು? ಒಂದು ದಿನದ ಮಾತು ಎಂಬುದು ನಿಜವಲ್ಲ. ಹೂ ಅರಳುವುದು ಒಂದೆರಡು ವಾರವಾದರೂ ಆ ಹೂವನ್ನು ಕಟ್ಟಿದ್ದು ಕಳೆದ ವರ್ಷದ ಎಲೆ. ಹೂ ಬಾಡಿತು ಎಂದು ಎಲೆಯನ್ನೂ ಕತ್ತರಿಸಿ ಕುಂಡ ಚೊಕ್ಕಟ ಮಾಡುವವರನ್ನು ನೋಡಿದ್ದೇನೆ, ಅವರ ಗಡ್ಡೆ ವರ್ಷ ವರ್ಷ ಸಣ್ಣದಾಗುತ್ತದೆ. ಏಪ್ರಿಲ್ 14ಕ್ಕೆ ನೀಲಿ ಶಾಲು ಹೊದ್ದು, 15ರಿಂದ ಮುಂದಿನ ವರ್ಷದವರೆಗೆ ಪಂಚಶೀಲ ನೆನೆಯದವರೂ ಅದನ್ನೇ ಮಾಡುತ್ತಿದ್ದಾರೆ.

ಕುಂಡ ಬದಲಿಸಿದ ವರ್ಷ ಕೆಲವು ಗಡ್ಡೆ ಹೂ ಬಿಡುವುದಿಲ್ಲ, ಬರಿ ಎಲೆ ಬಿಟ್ಟು ಸುಮ್ಮನಿರುತ್ತವೆ ಎಂಬುದನ್ನೂ ಅಕ್ಕನಿಗೆ ಹೇಳಿದೆ. ದೀಕ್ಷೆ ಪಡೆದ ಮನೆಗಳಿಗೂ ಅಂಥ ವರ್ಷ ಬರುತ್ತದೆ. ಹಬ್ಬಕ್ಕೆ ಕರೆಯುವವರು ಕಡಿಮೆಯಾಗುತ್ತಾರೆ, ನೆಂಟರು ಗುಸುಗುಸು ಎನ್ನುತ್ತಾರೆ. ಇಲ್ಲ ಎಂದು ಸುಳ್ಳು ಭರವಸೆ ನಾನು ಕೊಡಲಿಲ್ಲ.

“ಮೊದಲು ಮಗಳನ್ನು ಕೇಳಿ ಅಕ್ಕ, ಮದುವೆ ಅವಳದ್ದು” ಎಂದೆ. ಹುಡುಗಿ ಬಿ.ಎಡ್. ಓದುತ್ತಿದ್ದಾಳೆ. ತ್ರಿಸರಣ, ಪಂಚಶೀಲ ಹೇಳಿ ಮದುವೆಯಾಗುತ್ತೇನೆ, ಆಮೇಲೆ ರಿಜಿಸ್ಟ್ರೇಷನ್, ಪುರೋಹಿತರು ಬಂದರೆ ನಾನು ಹಸೆಗೆ ಬರುವುದಿಲ್ಲ ಎಂದಳಂತೆ. ಹುಡುಗನಿಗೂ ತಾನೇ ಫೋನ್ ಮಾಡಿದ್ದಾಳೆ. ಅವನು ಚಿತ್ರಕ್ಕೆ ಒಪ್ಪಿದ್ದಾನೆ. ಅಜ್ಜಿಯ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ.

ಈ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವರ ಕಡೆಯವರು ಮಾತಿಗೆ ಬರುತ್ತಿದ್ದಾರೆ. ಅಕ್ಕ ಒಬ್ಬರೇ ಕೂರುವುದು ಬೇಡ. ನಮ್ಮಲ್ಲಿ ನಾಲ್ಕೈದು ಜನ, ಅದರಲ್ಲಿ ಇಬ್ಬರಾದರೂ ಹಿರಿಯ ಹೆಂಗಸರು ಹೋಗೋಣ. ಬೌದ್ಧ ಎಂದರೆ ಮೀಸಲಾತಿ ಹೋಗುತ್ತದೆ ಎಂದು ಅವರಲ್ಲಿ ಯಾರೋ ಹೆದರಿಸಿದ್ದಾರಂತೆ. ಪರಿಶಿಷ್ಟ ಜಾತಿಗಳಿಂದ ಬಂದ ಬೌದ್ಧರನ್ನೂ ಪಟ್ಟಿಗೆ ಸೇರಿಸಿ 1990ರಲ್ಲೇ ಕಾನೂನು ತಿದ್ದುಪಡಿ ಆಗಿದೆ; ನಮ್ಮ ವಕೀಲ ಅಣ್ಣ ಅದರ ಪ್ರತಿ ತರುತ್ತಾರೆ. ದನಿ ಏರಿಸುವುದು ಬೇಡ, ಅಜ್ಜಿಯ ಜೊತೆ ವಾದ ಬೇಡವೇ ಬೇಡ. ಆಕೆಯ ಪಕ್ಕ ಕೂತು ಮದುವೆ ಹೇಗೆ ನಡೆಯುತ್ತದೆ ಎಂದು ಹೇಳಿ ಸಾಕು.

ಬರುವವರು ಇಂದು ಸಂಜೆಯೊಳಗೆ ತಿಳಿಸಿ. ಈ ಸಲ ಏಳು ಮರಿಗಡ್ಡೆ ಬೇರೆ ಮಾಡಿದ್ದೇನೆ, ಬಂದವರು ಒಂದೊಂದು ಒಯ್ಯಬಹುದು. ಮನೆಯಲ್ಲಿ ಚಿಕ್ಕ ಮಕ್ಕಳು, ಮೇಕೆ ಇದ್ದರೆ ಎತ್ತರದಲ್ಲಿಡಿ, ಗಡ್ಡೆ ವಿಷ.

ಭವತು ಸಬ್ಬ ಮಂಗಲಂ. ಜೈ ಭೀಮ್.